ಗೃಹಬಳಕೆಯ ಲೇಸರ್ ಮುದ್ರಕ

ಗೃಹಬಳಕೆಯ ಲೇಸರ್ ಮುದ್ರಕ ಅಥವಾ ಮನೆ ಬಳಕೆಯ ಲೇಸರ್ ಪ್ರಿಂಟರ್ ಎಂಬುದು ಲೇಸರ್ ಕಿರಣ, ಸ್ಥಾಯೀವಿದ್ಯುತ್ ಮತ್ತು ಶಾಖಗಳ ನೆರವಿನಿಂದ ಒಣ ಪುಡಿಯನ್ನು ಕಾಗದದ ಮೇಲೆ ಅಚ್ಚೊತ್ತುವ, ಗಾತ್ರದಲ್ಲಿ ಚಿಕ್ಕದಾದ ಮುದ್ರಣ ಸಾಧನವಾಗಿದೆ. ಈ ಪುಡಿಯನ್ನು ಟೋನರ್ ಎಂದು ಕರೆಯುತ್ತಾರೆ. ಕಚೇರಿಗಳ ದೊಡ್ಡ ಯಂತ್ರಗಳಿಗೂ ಮನೆಯ ಚಿಕ್ಕ ಯಂತ್ರಗಳಿಗೂ ಮೂಲತತ್ತ್ವ ಒಂದೇ ಆಗಿದ್ದು, ವೇಗ, ಕಾಗದ ಹಿಡಿಸುವ ಪ್ರಮಾಣ, ಬಾಳಿಕೆ ಹಾಗೂ ಬೆಲೆಗಳಲ್ಲಿ ಮಾತ್ರ ವ್ಯತ್ಯಾಸವಿರುತ್ತದೆ. ವಿದ್ಯಾರ್ಥಿಗಳ ಟಿಪ್ಪಣಿ, ಅರ್ಜಿ ನಮೂನೆ, ಪ್ರವೇಶಪತ್ರ, ಪ್ರಬಂಧ ಮುಂತಾದ ಅಕ್ಷರಪ್ರಧಾನ ಪುಟಗಳನ್ನು ಮುದ್ರಿಸಲು ಕಪ್ಪು-ಬಿಳುಪಿನ ಲೇಸರ್ ಮುದ್ರಕಗಳು ಹೆಚ್ಚಾಗಿ ಬಳಕೆಯಲ್ಲಿವೆ. ಇಂತಹ ಯಂತ್ರದ ನಿಜವಾದ ವೆಚ್ಚವನ್ನು ಅದರ ಖರೀದಿ ಬೆಲೆಗಿಂತ ಹೆಚ್ಚಾಗಿ ಟೋನರ್, ಡ್ರಮ್ ಮುಂತಾದ ಸವೆಯುವ ಭಾಗಗಳ ಬೆಲೆಯೇ ನಿರ್ಧರಿಸುತ್ತದೆ.

ಇತಿಹಾಸ

ಲೇಸರ್ ಮುದ್ರಣದ ಬೇರು ಜೆರಾಗ್ರಫಿ ಎಂಬ ಒಣ ನಕಲು ವಿಧಾನದಲ್ಲಿದೆ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ, ಗಂಧಕ ಲೇಪಿಸಿದ ಸತುವಿನ ಫಲಕದ ಸಹಾಯದಿಂದ ಮೊದಲ ಒಣ ನಕಲನ್ನು ಪಡೆದರು. ಈ ಆವಿಷ್ಕಾರವನ್ನು ಹ್ಯಾಲಾಯ್ಡ್ ಎಂಬ ಸಂಸ್ಥೆ ಬೆಳೆಸಿತು. ಮುಂದೆ ಜೆರಾಕ್ಸ್ ಎಂದು ಹೆಸರಾದ ಈ ಸಂಸ್ಥೆಯು 1959ರಲ್ಲಿ ಸಾಮಾನ್ಯ ಕಾಗದದ ಮೇಲೆ ನಕಲು ತೆಗೆಯುವ 914 ಎಂಬ ಯಂತ್ರವನ್ನು ಹೊರತಂದಿತು. ಕನ್ನಡವೂ ಸೇರಿದಂತೆ ಭಾರತದ ಹಲವು ಭಾಷೆಗಳಲ್ಲಿ ಛಾಯಾಪ್ರತಿಗೆ 'ಜೆರಾಕ್ಸ್' ಎಂಬ ಪದವೇ ರೂಢಿಗೆ ಬಂದಿರುವುದು ಈ ಸಂಸ್ಥೆಯ ಹೆಸರಿನಿಂದಲೇ.

ನಕಲು ಯಂತ್ರದಲ್ಲಿ ಮೂಲ ಪ್ರತಿಯಿಂದ ಪ್ರತಿಫಲಿಸಿದ ಬೆಳಕಿನ ಬದಲು, ಗಣಕಯಂತ್ರದ ಆಜ್ಞೆಯಂತೆ ಹೊತ್ತಿ ಆರುವ ಲೇಸರ್ ಕಿರಣವನ್ನು ಬಳಸಬಹುದೆಂಬ ವಿಚಾರವನ್ನು ಜೆರಾಕ್ಸ್ ಸಂಸ್ಥೆಯ ಗ್ಯಾರಿ ಸ್ಟಾರ್ಕ್‌ವೆದರ್ 1969ರಲ್ಲಿ ಮುಂದಿಟ್ಟರು. 1971ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಸಂಶೋಧನಾ ಕೇಂದ್ರಕ್ಕೆ ವರ್ಗವಾದ ಅವರು ಅದೇ ವರ್ಷ ಕೆಲಸ ಮಾಡುವ ಮಾದರಿಯನ್ನು ನಿರ್ಮಿಸಿದರು. ಐಬಿಎಂ ಸಂಸ್ಥೆಯು 1975ರಲ್ಲಿ 3800 ಎಂಬ ಲೇಸರ್ ಮುದ್ರಕವನ್ನೂ ಜೆರಾಕ್ಸ್ 1977ರಲ್ಲಿ 9700 ಎಂಬ ಮುದ್ರಕವನ್ನೂ ಪ್ರಕಟಿಸಿದವು. ಇವು ದೊಡ್ಡ ಗಣಕ ಕೇಂದ್ರಗಳಿಗೆ ಮೀಸಲಾದ ದುಬಾರಿ ಯಂತ್ರಗಳಾಗಿದ್ದವು.

ಲೇಸರ್ ಮುದ್ರಕವು ಮೇಜಿನ ಮೇಲೆ ಬಂದು ಕೂರಲು ಕಾರಣವಾದುದು ಜಪಾನಿನ ಕ್ಯಾನನ್ ಸಂಸ್ಥೆ ರೂಪಿಸಿದ ಬದಲಿಸಬಹುದಾದ ಕಾರ್ಟ್ರಿಜ್. ಬೇಗ ಸವೆಯುವ ಡ್ರಮ್, ಟೋನರ್ ಮತ್ತು ಶುಚಿಗೊಳಿಸುವ ಅಲಗುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದ್ದರಿಂದ, ದುರಸ್ತಿಗಾರರನ್ನು ಪದೇ ಪದೇ ಕರೆಸುವ ಅಗತ್ಯ ತಪ್ಪಿತು. ಕ್ಯಾನನ್ ತಯಾರಿಸಿದ ಯಂತ್ರಾಂಗವನ್ನೇ ಬಳಸಿ ಹ್ಯೂಲೆಟ್-ಪ್ಯಾಕರ್ಡ್ (ಎಚ್‌ಪಿ) ಸಂಸ್ಥೆಯು 1984ರಲ್ಲಿ ಲೇಸರ್‌ಜೆಟ್ ಮುದ್ರಕವನ್ನು 3,495 ಡಾಲರ್ ಬೆಲೆಗೆ ಬಿಡುಗಡೆ ಮಾಡಿತು. ಅದು ಅಂಗುಲಕ್ಕೆ 300 ಚುಕ್ಕೆಗಳ ಸ್ಪಷ್ಟತೆಯಲ್ಲಿ ನಿಮಿಷಕ್ಕೆ 8 ಪುಟಗಳನ್ನು ಮುದ್ರಿಸುತ್ತಿತ್ತು. 1985ರಲ್ಲಿ ಬಂದ ಆ್ಯಪಲ್ ಸಂಸ್ಥೆಯ ಲೇಸರ್‌ರೈಟರ್, ಅಡೋಬಿ ಸಂಸ್ಥೆಯ ಪೋಸ್ಟ್‌ಸ್ಕ್ರಿಪ್ಟ್ ಪುಟವಿವರಣಾ ಭಾಷೆಯೊಂದಿಗೆ ಸೇರಿ ಡೆಸ್ಕ್‌ಟಾಪ್ ಪ್ರಕಾಶನಕ್ಕೆ (ಡಿಟಿಪಿ) ನಾಂದಿ ಹಾಡಿತು. 1989ರ ಲೇಸರ್‌ಜೆಟ್ 2ಪಿ ಮಾದರಿಯ ಬೆಲೆ 1,495 ಡಾಲರಿಗೆ ಇಳಿಯಿತು. 1992ರ ಲೇಸರ್‌ಜೆಟ್ 4 ಮಾದರಿಯಲ್ಲಿ ಸ್ಪಷ್ಟತೆ ಅಂಗುಲಕ್ಕೆ 600 ಚುಕ್ಕೆಗಳಿಗೆ ಏರಿತು. ಇಂದಿಗೂ ಗೃಹಬಳಕೆಯ ಬಹುತೇಕ ಯಂತ್ರಗಳ ಮೂಲ ಸ್ಪಷ್ಟತೆ ಇದೇ ಆಗಿದೆ.

ಕಾರ್ಯವಿಧಾನ

ಲೇಸರ್ ಮುದ್ರಕವು ಸಾಲು ಸಾಲಾಗಿ ಬರೆಯದೆ ಇಡೀ ಪುಟವನ್ನು ಒಂದು ಚಿತ್ರದಂತೆ ಪರಿಗಣಿಸುತ್ತದೆ. ಈ ಕಾರ್ಯವು ಏಳು ಹಂತಗಳಲ್ಲಿ ನಡೆಯುತ್ತದೆ.

1. ಚುಕ್ಕೆ ಚಿತ್ರದ ರಚನೆ: ಪುಟದ ಅಕ್ಷರ ಮತ್ತು ಗೆರೆಗಳನ್ನು ಚುಕ್ಕೆಗಳ ಜಾಲವಾಗಿ ಪರಿವರ್ತಿಸಲಾಗುತ್ತದೆ. ಅಂಗುಲಕ್ಕೆ 600 ಚುಕ್ಕೆಗಳಂತೆ ಒಂದು ಎ4 ಪುಟದಲ್ಲಿ ಸುಮಾರು 3.5 ಕೋಟಿ ಚುಕ್ಕೆಗಳಿರುತ್ತವೆ.
2. ವಿದ್ಯುದಾವೇಶ: ಬೆಳಕಿಗೆ ಸಂವೇದಿಸುವ ಲೇಪನವುಳ್ಳ ಡ್ರಮ್ ಎಂಬ ಉರುಳೆಯ ಮೇಲ್ಮೈಗೆ ಸಮನಾದ ಋಣ ಆವೇಶ ನೀಡಲಾಗುತ್ತದೆ.
3. ಬೆಳಕಿನ ಬರಹ: ವೇಗವಾಗಿ ತಿರುಗುವ ಬಹುಮುಖ ಕನ್ನಡಿಯಿಂದ ಪ್ರತಿಫಲಿಸಿದ ಲೇಸರ್ ಕಿರಣವು ಡ್ರಮ್ಮಿನ ಉದ್ದಕ್ಕೂ ಹಾಯುತ್ತದೆ. ಕಿರಣ ಬಿದ್ದೆಡೆಯಲ್ಲಿ ಆವೇಶ ಕಡಿಮೆಯಾಗಿ, ಕಣ್ಣಿಗೆ ಕಾಣದ ವಿದ್ಯುತ್ ಚಿತ್ರ ಮೂಡುತ್ತದೆ.
4. ಪುಡಿಯ ಲೇಪ: ಋಣ ಆವೇಶ ಪಡೆದ ಟೋನರ್ ಕಣಗಳು ಲೇಸರ್ ತಾಗಿದ ಭಾಗಗಳಿಗೆ ಮಾತ್ರ ಅಂಟುತ್ತವೆ.
5. ವರ್ಗಾವಣೆ: ಕಾಗದದ ಹಿಂಬದಿಯಲ್ಲಿರುವ ಉರುಳೆಯ ಧನ ಆವೇಶವು ಪುಡಿಯನ್ನು ಡ್ರಮ್ಮಿನಿಂದ ಕಾಗದಕ್ಕೆ ಸೆಳೆಯುತ್ತದೆ.
6. ಬೆಸುಗೆ: ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ಫ್ಯೂಸರ್ ಉರುಳೆಗಳ ನಡುವೆ ಕಾಗದ ಹಾಯ್ದಾಗ ಪುಡಿ ಕರಗಿ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ.
7. ಶುಚೀಕರಣ: ಉಳಿದ ಪುಡಿಯನ್ನು ಅಲಗೊಂದು ಕೆರೆದು ತೆಗೆಯುತ್ತದೆ, ಡ್ರಮ್ ಮುಂದಿನ ಪುಟಕ್ಕೆ ಸಿದ್ಧವಾಗುತ್ತದೆ.

ಟೋನರ್ ಶಾಯಿಯಲ್ಲ, ಅದು ಪ್ಲಾಸ್ಟಿಕ್ ಜಾತಿಯ ರಾಳ, ವರ್ಣದ್ರವ್ಯ ಮತ್ತು ಮೇಣಗಳ ಸೂಕ್ಷ್ಮ ಪುಡಿ. ಆದ್ದರಿಂದ ಲೇಸರ್ ಮುದ್ರಣವು ನೀರು ತಾಗಿದರೆ ಹರಡುವುದಿಲ್ಲ. ಕೆಲವು ಯಂತ್ರಗಳಲ್ಲಿ ಲೇಸರ್ ಮತ್ತು ಕನ್ನಡಿಯ ಬದಲು ಸಾಲಾಗಿ ಜೋಡಿಸಿದ ಎಲ್‌ಇಡಿ ದೀಪಗಳಿರುತ್ತವೆ. ಉಳಿದ ಕ್ರಮ ಒಂದೇ ಆದ್ದರಿಂದ ಇವನ್ನೂ ಸಾಮಾನ್ಯವಾಗಿ ಲೇಸರ್ ಮುದ್ರಕಗಳೊಂದಿಗೇ ಸೇರಿಸಲಾಗುತ್ತದೆ.

ಇಂಕ್‌ಜೆಟ್ ಮುದ್ರಕದೊಂದಿಗೆ ಹೋಲಿಕೆ

ಇಂಕ್‌ಜೆಟ್ ಮುದ್ರಕವು ದ್ರವ ಶಾಯಿಯನ್ನು ಸೂಕ್ಷ್ಮ ರಂಧ್ರಗಳ ಮೂಲಕ ಸಿಂಪಡಿಸುತ್ತದೆ. ಬಹುಕಾಲ ಬಳಸದೆ ಬಿಟ್ಟರೆ ಈ ರಂಧ್ರಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುವುದುಂಟು. ಟೋನರ್ ಮೊದಲೇ ಒಣ ಪುಡಿಯಾದ್ದರಿಂದ ಲೇಸರ್ ಮುದ್ರಕವನ್ನು ತಿಂಗಳುಗಟ್ಟಲೆ ಬಿಟ್ಟು ಬಳಸಿದರೂ ತೊಂದರೆಯಾಗುವುದಿಲ್ಲ. ಶಾಲೆಯ ರಜಾ ದಿನಗಳಲ್ಲಿ ನಿಂತು ಪರೀಕ್ಷಾ ಕಾಲದಲ್ಲಿ ಮಾತ್ರ ದುಡಿಯುವ ಮನೆಯ ಯಂತ್ರಕ್ಕೆ ಇದು ಮುಖ್ಯ ಗುಣವಾಗಿದೆ. ಚಿಕ್ಕ ಅಕ್ಷರಗಳ ಅಂಚು ತೀಕ್ಷ್ಣವಾಗಿ ಮೂಡುವುದು, ವೇಗ ಹೆಚ್ಚಿರುವುದು ಇತರ ಅನುಕೂಲಗಳು.

ಛಾಯಾಚಿತ್ರಗಳಿಗೆ ಮಾತ್ರ ಇಂಕ್‌ಜೆಟ್ ಉತ್ತಮ. ಬಣ್ಣದ ಲೇಸರ್ ಮುದ್ರಕಗಳಿಗೆ ಕಪ್ಪು, ನೀಲಿ, ಕೆನ್ನೀಲಿಗೆಂಪು, ಹಳದಿ ಎಂಬ ನಾಲ್ಕು ಬಗೆಯ ಟೋನರ್ ಬೇಕಾಗುವುದರಿಂದ ಅವುಗಳ ನಿರ್ವಹಣೆ ದುಬಾರಿ. ಶಾಯಿಯನ್ನು ಬಾಟಲಿಯಿಂದ ತುಂಬಿಸುವ ಇಂಕ್ ಟ್ಯಾಂಕ್ ಮುದ್ರಕಗಳಲ್ಲಿ ಪುಟದ ವೆಚ್ಚ ಲೇಸರಿಗಿಂತಲೂ ಕಡಿಮೆಯಾಗಬಹುದು. ನಿಯಮಿತವಾಗಿ, ಬಣ್ಣದಲ್ಲಿ ಮುದ್ರಿಸುವ ಮನೆಗಳಿಗೆ ಅವು ಹೊಂದುತ್ತವೆ. ಅಪರೂಪಕ್ಕೆ, ಕಪ್ಪಿನಲ್ಲಿ ಮಾತ್ರ ಮುದ್ರಿಸುವ ಮನೆಗಳಿಗೆ ಲೇಸರ್ ಹೊಂದುತ್ತದೆ.

ಪುಟವೊಂದರ ವೆಚ್ಚ

ಅಗ್ಗದ ಯಂತ್ರದ ಟೋನರ್ ಹಲವು ವೇಳೆ ದುಬಾರಿಯಾಗಿರುತ್ತದೆ. ಯಂತ್ರವನ್ನು ಕಡಿಮೆ ಲಾಭಕ್ಕೆ ಮಾರಿ, ಸವೆಯುವ ವಸ್ತುಗಳಿಂದ ಲಾಭ ಗಳಿಸುವುದು ಈ ಉದ್ಯಮದ ರೂಢಿ. ಆದುದರಿಂದ ಪುಟವೊಂದರ ವೆಚ್ಚವನ್ನು ಲೆಕ್ಕ ಹಾಕುವುದು ಅಗತ್ಯ.

ಪುಟದ ವೆಚ್ಚ = (ಟೋನರ್ ಬೆಲೆ ÷ ಅದು ನೀಡುವ ಪುಟಗಳು) + (ಡ್ರಮ್ ಬೆಲೆ ÷ ಅದರ ಬಾಳಿಕೆಯ ಪುಟಗಳು) + ಕಾಗದದ ಬೆಲೆ

ಕಪ್ಪು ಟೋನರ್ ಕಾರ್ಟ್ರಿಜ್ ನೀಡುವ ಪುಟಗಳ ಸಂಖ್ಯೆಯನ್ನು ತಯಾರಕರು ಐಎಸ್‌ಒ/ಐಇಸಿ 19752 ಎಂಬ ಅಂತರರಾಷ್ಟ್ರೀಯ ಮಾನಕದಂತೆ ಅಳೆದು ಘೋಷಿಸುತ್ತಾರೆ. ಅದರ ಪರೀಕ್ಷಾ ಪುಟದಲ್ಲಿ ಕಪ್ಪು ಆವರಿಸುವ ಭಾಗ ಶೇಕಡಾ 5ರ ಆಸುಪಾಸಿನದು. ಒತ್ತಾಗಿ ತುಂಬಿದ ಪುಟ, ಚಿತ್ರ, ದಪ್ಪಕ್ಷರಗಳಿದ್ದರೆ ದೊರೆಯುವ ಪುಟಗಳು ಘೋಷಿತ ಸಂಖ್ಯೆಗಿಂತ ಕಡಿಮೆಯಾಗುತ್ತವೆ. ಹೊಸ ಯಂತ್ರದೊಡನೆ ಬರುವ ಆರಂಭಿಕ ಕಾರ್ಟ್ರಿಜ್‌ನಲ್ಲಿ ಅನೇಕ ವೇಳೆ ಪೂರ್ಣ ಪ್ರಮಾಣದ ಟೋನರ್ ಇರುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಲೆಕ್ಕದ ರೀತಿಯನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. 'ಅ' ಯಂತ್ರದ ಬೆಲೆ 10,000 ರೂಪಾಯಿ. ಡ್ರಮ್ ಸಹಿತವಾದ ಅದರ 1,500 ಪುಟಗಳ ಕಾರ್ಟ್ರಿಜ್‌ಗೆ 4,500 ರೂಪಾಯಿ. 'ಆ' ಯಂತ್ರದ ಬೆಲೆ 14,000 ರೂಪಾಯಿ. 2,600 ಪುಟಗಳ ಟೋನರಿಗೆ 2,600 ರೂಪಾಯಿ, 12,000 ಪುಟಗಳ ಡ್ರಮ್ಮಿಗೆ 6,000 ರೂಪಾಯಿ. ಕಾಗದಕ್ಕೆ ಪುಟಕ್ಕೆ 60 ಪೈಸೆ. ಆಗ 'ಅ' ಯಂತ್ರದಲ್ಲಿ ಪುಟದ ವೆಚ್ಚ 3.60 ರೂಪಾಯಿ, 'ಆ' ಯಂತ್ರದಲ್ಲಿ 2.10 ರೂಪಾಯಿ. ಹೊರಗಿನ ಅಂಗಡಿಯಲ್ಲಿ ಪುಟಕ್ಕೆ 5 ರೂಪಾಯಿ ಎಂದಿಟ್ಟುಕೊಂಡರೆ, ಐದು ವರ್ಷಗಳ ಒಟ್ಟು ವೆಚ್ಚ ಹೀಗಿರುತ್ತದೆ:

| ತಿಂಗಳ ಬಳಕೆ | ಐದು ವರ್ಷಗಳ ಪುಟಗಳು | 'ಅ' ಯಂತ್ರ (ರೂ.) | 'ಆ' ಯಂತ್ರ (ರೂ.) | ಅಂಗಡಿ (ರೂ.) |
|---|---|---|---|---|
| 20 ಪುಟ | 1,200 | 14,320 | 16,520 | 6,000 |
| 100 ಪುಟ | 6,000 | 31,600 | 26,600 | 30,000 |

ತಿಂಗಳಿಗೆ 20 ಪುಟ ಮುದ್ರಿಸುವ ಮನೆಗೆ ಯಾವ ಯಂತ್ರವೂ ಹಣ ಉಳಿಸುವುದಿಲ್ಲ. ಅಲ್ಲಿ ಯಂತ್ರ ಕೊಳ್ಳುವುದು ಸಮಯ ಮತ್ತು ಅನುಕೂಲಕ್ಕಾಗಿ ಮಾತ್ರ. ತಿಂಗಳಿಗೆ 100 ಪುಟ ಮುದ್ರಿಸುವ ಮನೆಯಲ್ಲಿ ಅಗ್ಗದ ಯಂತ್ರವು ಅಂಗಡಿಗಿಂತಲೂ ದುಬಾರಿಯಾಗಿ, ಹೆಚ್ಚು ಬೆಲೆಯ ಯಂತ್ರವೇ ಮಿತವ್ಯಯದ್ದಾಗುತ್ತದೆ. ಈ ಎರಡು ಯಂತ್ರಗಳ ವೆಚ್ಚ ಸಮನಾಗುವುದು ಸುಮಾರು 2,667 ಪುಟಗಳಲ್ಲಿ. ಬೆಲೆಗಳು ಬದಲಾದಂತೆ ಉತ್ತರವೂ ಬದಲಾಗುತ್ತದೆಯಾದರೂ ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಆಯ್ಕೆಯಲ್ಲಿ ಗಮನಿಸುವ ಅಂಶಗಳು

ಡ್ರಮ್ ಮತ್ತು ಟೋನರ್: ಎಚ್‌ಪಿ ಹಾಗೂ ಕ್ಯಾನನ್ ಸಂಸ್ಥೆಗಳ ಅನೇಕ ಚಿಕ್ಕ ಮಾದರಿಗಳಲ್ಲಿ ಡ್ರಮ್ ಮತ್ತು ಟೋನರ್ ಒಂದೇ ಕಾರ್ಟ್ರಿಜ್‌ನಲ್ಲಿರುತ್ತವೆ. ಬದಲಾವಣೆ ಸುಲಭ, ಆದರೆ ಪ್ರತಿ ಬಾರಿ ಇನ್ನೂ ಬಾಳಬಹುದಾದ ಡ್ರಮ್ಮನ್ನೂ ಎಸೆದಂತಾಗುತ್ತದೆ. ಬ್ರದರ್ ಸಂಸ್ಥೆಯ ಮಾದರಿಗಳಲ್ಲಿ ಇವೆರಡೂ ಪ್ರತ್ಯೇಕವಾಗಿದ್ದು, ಒಂದು ಡ್ರಮ್ ಹಲವು ಟೋನರ್‌ಗಳ ಕಾಲ ಬಾಳುತ್ತದೆ. 2019ರಲ್ಲಿ ಎಚ್‌ಪಿ ಹೊರತಂದ ನೆವರ್‌ಸ್ಟಾಪ್ ಸರಣಿಯಲ್ಲಿ ಕಾರ್ಟ್ರಿಜ್ ಬದಲಿಸದೆ ಟೋನರನ್ನು ಮಾತ್ರ ತುಂಬಿಸುವ ವ್ಯವಸ್ಥೆಯಿದೆ.

ಇಬ್ಬದಿ ಮುದ್ರಣ: ಡ್ಯೂಪ್ಲೆಕ್ಸ್ ಸೌಲಭ್ಯವಿದ್ದರೆ ಯಂತ್ರವು ಹಾಳೆಯನ್ನು ತಾನೇ ತಿರುವಿ ಎರಡೂ ಬದಿ ಮುದ್ರಿಸುತ್ತದೆ. ಕಾಗದದ ಖರ್ಚು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಟಿಪ್ಪಣಿ, ಪುಸ್ತಕದ ಅಧ್ಯಾಯಗಳನ್ನು ಮುದ್ರಿಸುವ ವಿದ್ಯಾರ್ಥಿಗಳಿಗೆ ಇದು ವೇಗಕ್ಕಿಂತ ಉಪಯುಕ್ತ.

ಬಹುಕಾರ್ಯ ಮಾದರಿ: ಮುದ್ರಣದೊಡನೆ ಸ್ಕ್ಯಾನ್ ಮತ್ತು ನಕಲು ಮಾಡುವ ಯಂತ್ರಗಳಿವೆ. ಗುರುತಿನ ಚೀಟಿ, ಅಂಕಪಟ್ಟಿಗಳ ಪ್ರತಿ ಆಗಾಗ ಬೇಕಾಗುವ ಮನೆಗೆ ಇವು ಅನುಕೂಲ. ಪುಟ ಮಾತ್ರ ಮುದ್ರಿಸುವವರಿಗೆ ಹೆಚ್ಚುವರಿ ಬೆಲೆ ಅನಗತ್ಯ.

ಸಂಪರ್ಕ: ಒಂದೇ ಗಣಕಯಂತ್ರವಿದ್ದಲ್ಲಿ ಯುಎಸ್‌ಬಿ ತಂತಿ ಸಾಕು. ಮೊಬೈಲಿನಿಂದ ಮುದ್ರಿಸಬೇಕಾದರೆ ವೈ-ಫೈ ಅಗತ್ಯ. ಆ್ಯಪಲ್ ಸಂಸ್ಥೆ 2010ರಲ್ಲಿ ಪರಿಚಯಿಸಿದ ಏರ್‌ಪ್ರಿಂಟ್ ಅಥವಾ 2013ರಲ್ಲಿ ಸ್ಥಾಪನೆಯಾದ ಮೊಪ್ರಿಯಾ ಒಕ್ಕೂಟದ ಮಾನಕಕ್ಕೆ ಹೊಂದುವ ಯಂತ್ರಗಳಿಗೆ ಪ್ರತ್ಯೇಕ ಚಾಲಕ ತಂತ್ರಾಂಶ ಬೇಕಾಗುವುದಿಲ್ಲ.

ಚಾಲಕ ತಂತ್ರಾಂಶ: ಕೆಲವು ಅಗ್ಗದ ಮುದ್ರಕಗಳು ಚುಕ್ಕೆ ಚಿತ್ರ ರಚಿಸುವ ಕೆಲಸವನ್ನು ಪೂರ್ಣವಾಗಿ ಗಣಕಯಂತ್ರಕ್ಕೆ ಬಿಡುತ್ತವೆ. ಇಂಥವು ತಯಾರಕರ ಚಾಲಕ ತಂತ್ರಾಂಶವಿಲ್ಲದೆ ಕೆಲಸ ಮಾಡಲಾರವು. ಲಿನಕ್ಸ್ ಬಳಸುವವರು ಅಥವಾ ಯಂತ್ರವನ್ನು ಹತ್ತಾರು ವರ್ಷ ಉಳಿಸಿಕೊಳ್ಳ ಬಯಸುವವರು ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯನ್ನು ಅರಿಯುವ ಮಾದರಿಯನ್ನು ಆರಿಸುವುದು ಒಳಿತು.

ವೇಗ ಮತ್ತು ದುಡಿಮೆಯ ಮಿತಿ: ನಿಮಿಷಕ್ಕೆ ಎಷ್ಟು ಪುಟ ಎಂಬ ಅಂಕಿಗಿಂತ, ನಿದ್ರಾಸ್ಥಿತಿಯಿಂದ ಮೊದಲ ಪುಟ ಹೊರಬರಲು ಹಿಡಿಯುವ ಸಮಯ ಮನೆಯಲ್ಲಿ ಹೆಚ್ಚು ಅನುಭವಕ್ಕೆ ಬರುತ್ತದೆ. 'ಮಾಸಿಕ ಗರಿಷ್ಠ ಮಿತಿ' ಎಂಬುದು ಯಂತ್ರ ಒಂದು ತಿಂಗಳಲ್ಲಿ ತಾಳಬಲ್ಲ ಪರಮಾವಧಿಯೇ ಹೊರತು ನಿತ್ಯದ ಬಳಕೆಗೆ ಶಿಫಾರಸು ಮಾಡಿದ ಪ್ರಮಾಣವಲ್ಲ. ಶಿಫಾರಸಿನ ಪ್ರಮಾಣವನ್ನು ಬೇರೆಯಾಗಿಯೇ ನಮೂದಿಸಿರುತ್ತಾರೆ.

ಟೋನರ್ ಲಭ್ಯತೆ: ಕಾರ್ಟ್ರಿಜ್ ಸ್ಥಳೀಯ ಪೇಟೆಯಲ್ಲಿ ಸುಲಭವಾಗಿ ದೊರೆಯದಿದ್ದರೆ ಉತ್ತಮ ಯಂತ್ರವೂ ನಿರುಪಯೋಗಿಯಾಗುತ್ತದೆ. ಚಿಕ್ಕ ಊರುಗಳಲ್ಲಿ ಸೇವಾ ಕೇಂದ್ರದ ದೂರವೂ ಪರಿಗಣಿಸಬೇಕಾದ ವಿಷಯ.

ಮರುತುಂಬಿದ ಮತ್ತು ಹೊಂದಾಣಿಕೆಯ ಕಾರ್ಟ್ರಿಜ್‌ಗಳು

ಎಚ್‌ಪಿ ಲೇಸರ್‌ಜೆಟ್ 1020 ಮತ್ತು ಕ್ಯಾನನ್ ಎಲ್‌ಬಿಪಿ 2900 ಭಾರತದಲ್ಲಿ ಬಹಳ ಜನಪ್ರಿಯವಾದ ಚಿಕ್ಕ ಮಾದರಿಗಳು. ಇವುಗಳ 12ಎ ಮತ್ತು 303 ಕಾರ್ಟ್ರಿಜ್‌ಗಳು ರಚನೆಯಲ್ಲಿ ಸಮೀಪವಾಗಿದ್ದು, ಘೋಷಿತ ಸಾಮರ್ಥ್ಯ 2,000 ಪುಟಗಳಾಗಿವೆ. ಇವನ್ನು ಬಿಚ್ಚಿ ಪುಡಿ ತುಂಬುವುದು ಸುಲಭವಾದ್ದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಿಂದ ಹಿಡಿದು ತಾಲ್ಲೂಕು ಕೇಂದ್ರಗಳವರೆಗೆ ಟೋನರ್ ಮರುತುಂಬುವ ಕಸುಬು ಬೆಳೆಯಿತು.

ಮರುತುಂಬುವಿಕೆಯಿಂದ ಪುಟದ ವೆಚ್ಚ ಗಣನೀಯವಾಗಿ ತಗ್ಗುತ್ತದೆ. ಆದರೆ ಡ್ರಮ್ ಮತ್ತು ಅಲಗು ಸವೆದಿದ್ದರೆ ಪುಟದ ಮೇಲೆ ಗೆರೆ, ಬೂದುಬಣ್ಣದ ಛಾಯೆ ಕಾಣಿಸುತ್ತವೆ; ಪುಡಿ ಸೋರಿ ಯಂತ್ರದೊಳಗೆ ಹರಡಬಹುದು. ಹೊಸ ಮಾದರಿಗಳ ಕಾರ್ಟ್ರಿಜ್‌ಗಳಲ್ಲಿ ಎಲೆಕ್ಟ್ರಾನಿಕ್ ಚಿಪ್ ಇರುತ್ತದೆ. ಕೆಲವು ಯಂತ್ರಗಳು ಮೂಲ ಚಿಪ್ ಇಲ್ಲದ ಕಾರ್ಟ್ರಿಜ್‌ಗಳನ್ನು ತಿರಸ್ಕರಿಸುತ್ತವೆ. ಒಳತಂತ್ರಾಂಶ ನವೀಕರಣದ ನಂತರ ಈ ನಿರ್ಬಂಧ ಹೊಸದಾಗಿ ಜಾರಿಗೆ ಬರುವುದೂ ಉಂಟು. ಈ ವಿವಾದ ನ್ಯಾಯಾಲಯಗಳನ್ನೂ ತಲುಪಿದೆ. ಇಂಪ್ರೆಷನ್ ಪ್ರಾಡಕ್ಟ್ಸ್ ಮತ್ತು ಲೆಕ್ಸ್‌ಮಾರ್ಕ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ, ಒಮ್ಮೆ ಮಾರಿದ ಕಾರ್ಟ್ರಿಜ್‌ನ ಮೇಲೆ ತಯಾರಕರ ಪೇಟೆಂಟ್ ಹಕ್ಕು ಮುಗಿಯುತ್ತದೆ ಎಂದು ತೀರ್ಪು ನೀಡಿತು.

ಕನ್ನಡ ಮುದ್ರಣ

ಕನ್ನಡ ಅಕ್ಷರಗಳನ್ನು ಸಾಮಾನ್ಯವಾಗಿ ಗಣಕಯಂತ್ರದ ಫಾಂಟ್‌ಗಳಿಂದ ರೂಪಿಸಿ ಮುದ್ರಕಕ್ಕೆ ಕಳುಹಿಸಲಾಗುತ್ತದೆ. ಆದ್ದರಿಂದ ನುಡಿ, ಬರಹ ಅಥವಾ ಯುನಿಕೋಡ್ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಪುಟ ಮುದ್ರಿಸಲು ವಿಶೇಷ ಯಂತ್ರ ಬೇಕಿಲ್ಲ. ಫಾಂಟ್ ಇಲ್ಲದ ಬೇರೆ ಗಣಕಯಂತ್ರದಲ್ಲಿ ಮುದ್ರಿಸುವಾಗ ಫಾಂಟ್ ಅಡಕವಾದ ಪಿಡಿಎಫ್ ಕಡತವನ್ನು ಬಳಸಿದರೆ ಅಕ್ಷರಗಳು ಕೆಡುವುದಿಲ್ಲ.

ಒತ್ತಕ್ಷರಗಳಿರುವ ಕನ್ನಡಕ್ಕೆ ಸ್ಪಷ್ಟತೆ ಮುಖ್ಯ. 10 ಪಾಯಿಂಟ್ ಗಾತ್ರದ ಅಕ್ಷರಕ್ಕೆ ಅಂಗುಲಕ್ಕೆ 300 ಚುಕ್ಕೆಗಳಲ್ಲಿ ಎತ್ತರವಾಗಿ ಸುಮಾರು 42 ಚುಕ್ಕೆಗಳು ದೊರೆತರೆ, 600ರಲ್ಲಿ 83 ದೊರೆಯುತ್ತವೆ. ಈ ಎತ್ತರದಲ್ಲಿಯೇ ಮೂಲಾಕ್ಷರ, ಗುಣಿತದ ಚಿಹ್ನೆ, ಕೆಳಗಿನ ಒತ್ತು ಎಲ್ಲವೂ ಹಿಡಿಸಬೇಕು. ಟೋನರ್ ಉಳಿಸುವ ಸ್ಥಿತಿಯಲ್ಲಿ ಮುದ್ರಿಸಿದಾಗ ಮೊದಲು ಮಸುಕಾಗುವವು ಒತ್ತಕ್ಷರಗಳೇ. ಕರಡು ಪ್ರತಿಗೆ ಆ ಸ್ಥಿತಿ ಸಾಕು. ಸಲ್ಲಿಸಬೇಕಾದ ಪ್ರತಿಗೆ ತಕ್ಕುದಲ್ಲ. ಡಿಟಿಪಿ ಕೇಂದ್ರಗಳಲ್ಲಿ ಲೇಸರ್ ಮುದ್ರಕದಿಂದ ಟ್ರೇಸಿಂಗ್ ಕಾಗದದ ಮೇಲೆ ಪುಟ ತೆಗೆದು, ಅದರಿಂದ ಆಫ್‌ಸೆಟ್ ಮುದ್ರಣದ ಫಲಕ ಸಿದ್ಧಪಡಿಸುವ ಕ್ರಮವೂ ಬಳಕೆಗೆ ಬಂದಿತು.

ವಿದ್ಯುತ್, ಕಾಗದ ಮತ್ತು ನಿರ್ವಹಣೆ

ಫ್ಯೂಸರ್ ಕಾಯುವಾಗ ಲೇಸರ್ ಮುದ್ರಕವು ಕ್ಷಣಕಾಲ ನೂರಾರು ವಾಟ್ ವಿದ್ಯುತ್ ಸೆಳೆಯುತ್ತದೆ. ನಿದ್ರಾಸ್ಥಿತಿಯಲ್ಲಿ ಕೆಲವೇ ವಾಟ್ ಸಾಕು. ಈ ದಿಢೀರ್ ಸೆಳೆತವನ್ನು ಗಣಕಯಂತ್ರದ ಚಿಕ್ಕ ಯುಪಿಎಸ್ ತಾಳಲಾರದಾದ್ದರಿಂದ ಮುದ್ರಕವನ್ನು ಅದಕ್ಕೆ ಜೋಡಿಸದೆ ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಬೇಕು. ಮುದ್ರಣದ ನಡುವೆ ವಿದ್ಯುತ್ ಕಡಿತವಾದರೆ ಹಾಳೆ ಒಳಗೆ ಉಳಿಯುತ್ತದೆ. ಅದನ್ನು ಫ್ಯೂಸರ್ ತಣಿದ ಬಳಿಕ, ಕಾಗದ ಸಾಗುವ ದಿಕ್ಕಿನಲ್ಲಿಯೇ ಮೆಲ್ಲಗೆ ಎಳೆದು ತೆಗೆಯಬೇಕು.

ಚದರ ಮೀಟರಿಗೆ 70ರಿಂದ 80 ಗ್ರಾಂ ತೂಕದ ಕಾಗದ ಸಾಮಾನ್ಯ ಬಳಕೆಗೆ ತಕ್ಕುದು. ತೇವ ಹೀರಿದ ಕಾಗದ ಶಾಖಕ್ಕೆ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ. ಪುಡಿಯೂ ಸರಿಯಾಗಿ ಕಚ್ಚುವುದಿಲ್ಲ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಕಾಗದವನ್ನು ತಟ್ಟೆಯಲ್ಲಿ ಬಿಡದೆ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಮುಚ್ಚಿಡುವುದು ಉಚಿತ. ಡ್ರಮ್ಮಿನ ಮೇಲ್ಮೈಗೆ ಬಿಸಿಲು ಅಥವಾ ಬೆರಳು ತಾಗಿಸಬಾರದು. ಶಾಖಕ್ಕೆ ಕರಗುವ ಪ್ಲಾಸ್ಟಿಕ್ ಹಾಳೆಗಳನ್ನೂ ಇಂಕ್‌ಜೆಟ್‌ನ ಹೊಳಪು ಕಾಗದವನ್ನೂ ಬಳಸಿದರೆ ಫ್ಯೂಸರ್ ಹಾಳಾಗುತ್ತದೆ.

ಆರೋಗ್ಯ ಮತ್ತು ಪರಿಸರ

ಲೇಸರ್ ಕಿರಣವು ಯಂತ್ರದೊಳಗೇ ಮುಚ್ಚಿರುವುದರಿಂದ ಸಾಮಾನ್ಯ ಬಳಕೆಯಲ್ಲಿ ಕಣ್ಣಿಗೆ ಅಪಾಯವಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದ ಲಿಡಿಯಾ ಮೊರಾವ್ಸ್ಕಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕೆಲವು ಲೇಸರ್ ಮುದ್ರಕಗಳು ಅತಿಸೂಕ್ಷ್ಮ ಕಣಗಳನ್ನು ಗಾಳಿಗೆ ಬಿಡುತ್ತವೆ ಎಂದೂ ಹಲವು ಮುದ್ರಕಗಳು ಬಿಡುವುದಿಲ್ಲವೆಂದೂ ತೋರಿಸಿತು. ಹಾಗಾಗಿ ಯಂತ್ರವನ್ನು ಮಲಗುವ ಕೋಣೆಯಲ್ಲಿರಿಸದೆ ಗಾಳಿಯಾಡುವ ಜಾಗದಲ್ಲಿಡುವುದು ಸೂಕ್ತ. ಚೆಲ್ಲಿದ ಟೋನರನ್ನು ಒದ್ದೆ ಬಟ್ಟೆಯಿಂದ ಒರೆಸಿ ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರು ಪುಡಿಯನ್ನು ಕರಗಿಸಿ ಅಂಟಿಸುತ್ತದೆ. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಅದನ್ನು ಗಾಳಿಗೆ ಹರಡುತ್ತದೆ.

ಭಾರತದಲ್ಲಿ ಮುದ್ರಕಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಅನ್ವಯಿಸುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪಟ್ಟಿಯಲ್ಲಿ ಕಾರ್ಟ್ರಿಜ್ ಸಹಿತವಾಗಿ ಮುದ್ರಕಗಳು ಸೇರಿವೆ. ಬಳಸಿದ ಕಾರ್ಟ್ರಿಜ್ ಮತ್ತು ಹಳೆಯ ಯಂತ್ರಗಳನ್ನು ಮನೆಯ ಕಸದೊಡನೆ ಎಸೆಯದೆ, ತಯಾರಕರ ಸಂಗ್ರಹಣಾ ವ್ಯವಸ್ಥೆಗೆ ಅಥವಾ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. ಕಾರ್ಟ್ರಿಜ್ ಸುಟ್ಟರೆ ವಿಷಕಾರಿ ಹೊಗೆ ಹೊಮ್ಮುವುದಲ್ಲದೆ, ಉಳಿದ ಸೂಕ್ಷ್ಮ ಪುಡಿ ಬೆಂಕಿ ತಾಗಿ ಸಿಡಿಯುವ ಅಪಾಯವೂ ಇದೆ.